ಲೂಪಸ್ ನೆಫ್ರೈಟಿಸ್ ಇರುವವರು ಮನೆಯಲ್ಲಿ ದಿನ ಹೇಗೆ ನಡೆಸುತ್ತೀರಿ? ಉಪ್ಪು, ಬಿಸಿಲು, ಇಷ್ಟೊಂದು ಮಾತ್ರೆ…

ಸಾಗರದ ಸೊಸೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 27 ವರ್ಷ. ಸಾಗರದ ಹತ್ತಿರ ಅಡಿಕೆ ತೋಟದ ಮನೆ, ಊರಿನ ಪ್ರೈವೇಟ್ ಸ್ಕೂಲಲ್ಲಿ ಟೀಚರ್. ಹೋದ ಮಳೆಗಾಲದಲ್ಲಿ ಬೆಳಿಗ್ಗೆ ಎದ್ದರೆ ಕಣ್ಣಿನ ಸುತ್ತ ಊತ, ಸಂಜೆಗೆ ಕಾಲು ಊತ, ಮೂತ್ರದಲ್ಲಿ ನೊರೆ. ಕಿಡ್ನಿಯ ಚೂರು ತೆಗೆದು ನೋಡುವ ಬಯಾಪ್ಸಿ ಮಾಡಿದರು. ಲೂಪಸ್ ನೆಫ್ರೈಟಿಸ್, ಕ್ಲಾಸ್ 4 ಅಂತ ಬಂತು. ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ದಾರಿ ತಪ್ಪುವ ಲೂಪಸ್ ಕಾಯಿಲೆ ಕಿಡ್ನಿಗೆ ಬಂದದ್ದು; ಕ್ಲಾಸ್ ಅನ್ನುವುದು ಬಯಾಪ್ಸಿಯಲ್ಲಿ ಕಂಡ ಕಿಡ್ನಿ ಹಾನಿಯ ಬಗೆ.

ಈಗ ರೋಗನಿರೋಧಕ ಶಕ್ತಿ ತಗ್ಗಿಸುವ ಮೈಕೊಫೆನೊಲೇಟ್ ಎರಡು ಹೊತ್ತು, ಲೂಪಸ್ ಹಿಡಿತದಲ್ಲಿಡುವ ಹೈಡ್ರಾಕ್ಸಿಕ್ಲೋರೋಕ್ವಿನ್, ಸ್ಟಿರಾಯ್ಡ್ ಮಾತ್ರೆ ವೈಸೋಲೋನ್ ಇಳಿಸುತ್ತಾ ಬಂದು 7.5 ಮಿಗ್ರಾಂ, ಬಿಪಿಗೆ ಟೆಲ್ಮಿಸಾರ್ಟನ್, ಕ್ಯಾಲ್ಸಿಯಂ. ಊತ ಪೂರ್ತಿ ಇಳಿದಿದೆ. ಸ್ಕೂಲಿಗೂ ಹೋಗುತ್ತಿದ್ದೇನೆ. ನೋಡಿದವರು ಯಾರೂ ಕಾಯಿಲೆ ಇದೆ ಅನ್ನುವುದಿಲ್ಲ.

ತೊಂದರೆ ಶುರುವಾಗಿರುವುದೇ ಅಲ್ಲಿ. "ಚೆನ್ನಾಗಿದ್ದೀಯಲ್ಲ, ಇನ್ನೂ ಯಾಕೆ ಇಷ್ಟು ಮಾತ್ರೆ? ಈ ಮಾತ್ರೆಗಳೇ ಕಿಡ್ನಿ ಹಾಳು ಮಾಡುತ್ತವೆ" ಅಂತ ಮನೆಗೆ ಬಂದವರೆಲ್ಲ ಹೇಳುತ್ತಾರೆ. ಪಕ್ಕದ ಮನೆಯವರು ಅಮೃತಬಳ್ಳಿ ಕಷಾಯ ಮಾಡಿ ತಂದೇ ಕೊಡುತ್ತಾರೆ. ಅಡುಗೆ ನಮ್ಮ ಅತ್ತೆಯವರದ್ದು. ಅವರು ತುಂಬಾ ಒಳ್ಳೆಯವರು, ಆಸ್ಪತ್ರೆಯಲ್ಲಿ ನನ್ನ ಜೊತೆ ಇದ್ದದ್ದೂ ಅವರೇ. ಆದರೆ ಒಂಬತ್ತು ಜನಕ್ಕೆ ಒಂದೇ ಸಾರು ಆಗುವ ಮನೆ. ನನಗೊಬ್ಬಳಿಗೆ ಉಪ್ಪು ಕಮ್ಮಿ ಮಾಡಿ ಅಂತ ದಿನಾ ಹೇಳುವುದಕ್ಕೆ ಬಾಯಿ ಬರುವುದಿಲ್ಲ. ಇನ್ನು ಅಡಿಕೆ ಕೊಯ್ಲು ಬಂತು ಅಂದರೆ ಅಂಗಳ, ಚಪ್ಪರ, ಬಿಸಿಲು. ಅದರಿಂದ ತಪ್ಪಿಸಿಕೊಂಡರೆ ಸೋಮಾರಿ ಅಂತ ಹೆಸರು.

ಮಾತ್ರೆ ಬದಲಾಯಿಸುವ ವಿಷಯ ಡಾಕ್ಟರ್ ಹತ್ತಿರ ಕೇಳುತ್ತೇನೆ, ಅದನ್ನು ಇಲ್ಲಿ ಕೇಳುತ್ತಿಲ್ಲ. ಇದರ ಜೊತೆ ವರ್ಷಗಟ್ಟಲೆ ಬದುಕಿದವರು ದಿನ ಹೇಗೆ ನಡೆಸುತ್ತೀರಿ ಅಂತ ಗೊತ್ತಾಗಬೇಕು. ಡಾಕ್ಟರ್ ಹತ್ತಿರ ಸಿಗುವುದು ಐದು ನಿಮಿಷ. ಉಳಿದ ಮೂರು ತಿಂಗಳು ನಾನೇ ಅಲ್ವಾ ನೋಡಿಕೊಳ್ಳಬೇಕಾದವಳು.

ಸಿಲ್ಕ್ ಬೋರ್ಡ್ ಸಿಗ್ನಲ್ ಉತ್ತರ:

ಗಂಡಸರಿಗೂ ಈ ಕಾಯಿಲೆ ಬರುತ್ತದೆ ಅನ್ನುವುದಕ್ಕೆ ನಾನೇ ಸಾಕ್ಷಿ. ಲೂಪಸ್ ಇರುವ ಹತ್ತು ಜನರಲ್ಲಿ ಒಂಬತ್ತು ಹೆಂಗಸರು. ಆಸ್ಪತ್ರೆಯಲ್ಲಿ ಸಾಲಿನಲ್ಲಿ ಕೂತರೆ ಎಲ್ಲರೂ ನನ್ನನ್ನು "ಯಾರ ಜೊತೆ ಬಂದಿದ್ದೀರಿ" ಅಂತ ಕೇಳುತ್ತಾರೆ.

ನನ್ನ ಕಡೆಯಿಂದ ಎರಡೇ ಮಾತು. ಮೊಬೈಲ್‌ನಲ್ಲಿ ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ ಅಲಾರಂ. ಮೀಟಿಂಗ್ ಇರಲಿ, ಮದುವೆ ಮನೆ ಇರಲಿ, ಅದು ಬಡಿದಾಗ ಮಾತ್ರೆ. ಇನ್ನೊಂದು, ಹೈಡ್ರಾಕ್ಸಿಕ್ಲೋರೋಕ್ವಿನ್ ಯಾವಾಗಲೂ ಒಂದು ತಿಂಗಳಿನದ್ದು ಹೆಚ್ಚಿಗೆ ಇಟ್ಟುಕೊಳ್ಳಿ. 2020ರ ಮಾರ್ಚ್‌ನಲ್ಲಿ ಕೊರೋನಾಗೆ ಇದೇ ಮದ್ದು ಅಂತ ಸುದ್ದಿ ಹಬ್ಬಿ, ಬೇಡದವರೆಲ್ಲ ಕೊಂಡು ಮನೆಯಲ್ಲಿಟ್ಟುಕೊಂಡರು. ಆ ತಿಂಗಳ ಕೊನೆಯಲ್ಲಿ ಸರ್ಕಾರ ಇದರ ಮಾರಾಟಕ್ಕೆ ಬಿಗಿ ನಿಯಮ ತಂದು ಎಚ್1 ಪಟ್ಟಿಗೆ (ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿ) ಸೇರಿಸಿತು. ವರ್ಷಗಳಿಂದ ತಗೊಳ್ಳುತ್ತಿದ್ದ ನಾವು ಲಾಕ್‌ಡೌನ್‌ನಲ್ಲಿ ಚೀಟಿ ಹಿಡಿದು ಅಂಗಡಿ ಅಂಗಡಿ ಸುತ್ತಿದೆವು. ಆ ಮಾತ್ರೆ ನಿಂತರೆ ಕಾಯಿಲೆ ಮತ್ತೆ ಏಳುವ ಸಾಧ್ಯತೆ ಜಾಸ್ತಿ.

ಉಳಿದದ್ದನ್ನು ಅರಸೀಕೆರೆ ಅಕ್ಕ ಬಂದು ಹೇಳುತ್ತಾರೆ. ಕಾಯುತ್ತಿದ್ದೇನೆ.

ಅಳತೆ ಟೇಪು ಉತ್ತರ:

ಬಂದೆ. ಅಂಗಡಿ ಬಾಗಿಲು ಹಾಕಿ ಬರೆಯುತ್ತಿದ್ದೇನೆ, ಉದ್ದ ಆಗುತ್ತದೆ, ಬೇಜಾರಾಗಬೇಡಿ.

ತಂಗಿ, ನಾನು ಅರಸೀಕೆರೆಯಲ್ಲಿ ಟೈಲರ್. ರವಿಕೆ, ಚೂಡಿದಾರ, ಸ್ಕೂಲ್ ಯೂನಿಫಾರ್ಮ್. 2013ರಲ್ಲಿ ಬಯಾಪ್ಸಿ ಆಯಿತು. ನನ್ನದೂ ಕ್ಲಾಸ್ 4, ಜೊತೆಗೆ 5. ಈಗ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸದ ಅಳತೆ) 0.9 ಇದೆ, ಅಂದರೆ ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ಮೊಬೈಲ್‌ನಲ್ಲಿ ಏನೇನೋ ಓದಿ ತಲೆ ತುಂಬ ಡಯಾಲಿಸಿಸ್ ತುಂಬಿಕೊಂಡಿರುತ್ತೀರಿ, ನನಗೆ ಗೊತ್ತು.

ಊತ ಇಳಿದಿದೆ, ಚೆನ್ನಾಗಿದ್ದೀನಿ ಅಂದಿರಿ. ಸಂತೋಷ. ಆದರೆ ಕೀಲು ಕೆಟ್ಟರೆ ನೋಯುತ್ತದೆ, ಚರ್ಮ ಕೆಟ್ಟರೆ ಕನ್ನಡಿಯಲ್ಲಿ ಕಾಣುತ್ತದೆ. ಕಿಡ್ನಿ ನೋಯುವುದೇ ಇಲ್ಲ. ಒಳಹೊಲಿಗೆ ಬಿಟ್ಟುಕೊಂಡ ರವಿಕೆ ಹ್ಯಾಂಗರ್‌ನಲ್ಲಿ ಚೆನ್ನಾಗಿಯೇ ಕಾಣುತ್ತದಲ್ಲ, ಹಾಗೆ. ಮತ್ತೆ ಊತ ಬರುವಷ್ಟರಲ್ಲಿ ಪ್ರೋಟೀನ್ ವಾರಗಟ್ಟಲೆ ಸೋರಿರುತ್ತದೆ. ಹಾಗಾಗಿ "ಚೆನ್ನಾಗಿದ್ದೀಯಲ್ಲ" ಅನ್ನುವವರಿಗೂ, "ಚೆನ್ನಾಗಿದ್ದೀನಿ" ಅನ್ನುವ ನಮ್ಮ ಮನಸ್ಸಿಗೂ ಉತ್ತರ ಕೊಡಬೇಕಾದ್ದು ರಿಪೋರ್ಟ್. ನಾನು ಮಾಡುವ ಮುಖ್ಯ ಕೆಲಸ ಇಷ್ಟೇ, ಲೆಕ್ಕ ಇಡುವುದು.

ಗಿರಾಕಿಗಳ ಅಳತೆ ಪುಸ್ತಕದ ಕೊನೆಯ ಹಾಳೆಗಳು ನನ್ನವು. ಅಡ್ಡ ಗೆರೆ ಹೊಡೆದು ತಾರೀಖು, ತೂಕ, ಬಿಪಿ, ಮೂತ್ರದ ಪ್ರೋಟೀನ್ ಕ್ರಿಯಾಟಿನಿನ್ ರೇಶಿಯೋ, ರಕ್ತದ ಕ್ರಿಯಾಟಿನಿನ್, ಲೂಪಸ್ ಎದ್ದಿದೆಯಾ ಅಂತ ತಿಳಿಸುವ ರಕ್ತ ಪರೀಕ್ಷೆಗಳಾದ ಸಿ3, ಸಿ4, ಡಿಎಸ್‌ಡಿಎನ್‌ಎ, ಆ ದಿನ ವೈಸೋಲೋನ್ ಎಷ್ಟಿತ್ತು ಅಂತ ಬರೆಯುತ್ತೇನೆ. ದೊಡ್ಡ ಆಸ್ಪತ್ರೆಗಳಲ್ಲಿ ಪ್ರತಿ ಸಲ ಒಬ್ಬೊಬ್ಬ ಡಾಕ್ಟರ್ ಸಿಗುತ್ತಾರೆ. ಅವರು ನಿಮ್ಮ ದಪ್ಪ ಫೈಲ್ ತಿರುವಿ ಹಾಕುವಷ್ಟರಲ್ಲಿ ನಿಮ್ಮ ಐದು ನಿಮಿಷ ಮುಗಿದಿರುತ್ತದೆ. ಈ ಒಂದು ಹಾಳೆ ಮುಂದಿಟ್ಟರೆ ಮಾತು ಸೀದಾ ವಿಷಯಕ್ಕೆ ಬರುತ್ತದೆ. ಹಾಳೆ ನೋಡಿ ಖುಷಿಪಡದ ಡಾಕ್ಟರನ್ನು ನಾನಿನ್ನೂ ಕಂಡಿಲ್ಲ.

ಈ ಅಂಕಿಗಳಲ್ಲಿ ನೀವು ಕಣ್ಣಿಡಬೇಕಾದ್ದು ಆ ರೇಶಿಯೋ ಮೇಲೆ, ಅಂದರೆ ಮೂತ್ರದಲ್ಲಿ ಎಷ್ಟು ಪ್ರೋಟೀನ್ ಸೋರುತ್ತಿದೆ ಅನ್ನುವ ಅಳತೆ. ಕಾಯಿಲೆ ಇಲ್ಲದವರಲ್ಲಿ ಅದು 0.2ರ ಒಳಗೆ. ನಮ್ಮಂಥವರಲ್ಲಿ ಶುರುವಿನಲ್ಲಿ 3, 4 ಇರುವುದು ಹೊಸದೇನಲ್ಲ. ಚಿಕಿತ್ಸೆ ಹಿಡಿಯುತ್ತಿದ್ದರೆ ಆರು ತಿಂಗಳಲ್ಲಿ ಅರ್ಧಕ್ಕಾದರೂ ಇಳಿಯಬೇಕು, ವರ್ಷದ ಹೊತ್ತಿಗೆ 0.5, 0.7ರ ಕೆಳಗೆ ಬರಬೇಕು ಅಂತ ಡಾಕ್ಟರುಗಳು ಗುರಿ ಇಟ್ಟುಕೊಂಡಿರುತ್ತಾರೆ. ತುಂಬಾ ಮೇಲಿನಿಂದ ಶುರುವಾದವರಿಗೆ ಇನ್ನೂ ಸ್ವಲ್ಪ ಕಾಲ ಹಿಡಿಯಬಹುದು. ಒಂದು ಎಚ್ಚರಿಕೆ ಇದೆ. ಕೆಲವು ಲ್ಯಾಬ್‌ನವರು 0.5 ಅಂತ ಕೊಡುತ್ತಾರೆ, ಕೆಲವರು ಅದನ್ನೇ 500 ಅಂತ ಕೊಡುತ್ತಾರೆ. ಎರಡೂ ಒಂದೇ, ಅಳತೆಯ ಮಾನ ಮಾತ್ರ ಬೇರೆ. ಲ್ಯಾಬ್ ಬದಲಾಯಿಸಿದ ದಿನ 500 ನೋಡಿ ಎದೆ ಒಡೆದುಕೊಳ್ಳಬೇಡಿ. ಆದಷ್ಟು ಒಂದೇ ಲ್ಯಾಬ್‌ಗೆ ಹೋಗಿ.

ಸಿ3, ಸಿ4 ಕೆಳಗೆ ಇಳಿಯುತ್ತಾ ಡಿಎಸ್‌ಡಿಎನ್‌ಎ ಮೇಲೆ ಹೋಗುತ್ತಿದ್ದರೆ ಕಾಯಿಲೆ ಎಚ್ಚರವಾಗುತ್ತಿದೆಯೇನೋ ಅಂತ ಡಾಕ್ಟರ್ ಹತ್ತಿರದಿಂದ ನೋಡುತ್ತಾರೆ. ಅವರು ಏನನ್ನು ನೋಡುತ್ತಿದ್ದಾರೆ ಅಂತ ನಮಗೂ ಗೊತ್ತಿದ್ದರೆ ಅರ್ಧ ಭಯ ಕಮ್ಮಿ.

ಮನೆಯಲ್ಲಿ ನೋಡುವುದು ಬಿಪಿ, ತೂಕ, ಕಾಲು. ಬಿಪಿ ಮೆಷಿನ್ ತೋಳಿಗೆ ಕಟ್ಟುವಂಥದ್ದೇ ತಗೊಳ್ಳಿ, ಮಣಿಕಟ್ಟಿನದ್ದು ಬೇಡ. ಬೆಳಿಗ್ಗೆ ಮಾತ್ರೆ, ಕಾಫಿ ಎರಡಕ್ಕೂ ಮೊದಲು ಐದು ನಿಮಿಷ ಸುಮ್ನೆ ಕೂತು ನೋಡಿ. ನನಗೆ ಹೇಳಿರುವುದು 130/80ರ ಒಳಗೆ. ನಿಮಗೆ ಎಷ್ಟು ಅಂತ ಕೇಳಿ ಬರೆದುಕೊಳ್ಳಿ. ಕಾಲಿಗೆ ನನ್ನ ಕೈಕಸುಬೇ ಇದೆ. ಭಾನುವಾರ ಬೆಳಿಗ್ಗೆ ಟೇಪು ತಗೊಂಡು ಹರಡಿನ ಮೇಲೆ ಅದೇ ಜಾಗದಲ್ಲಿ ಸುತ್ತಳತೆ ತೆಗೆಯುತ್ತೇನೆ. ಅರ್ಧ ಇಂಚು ಜಾಸ್ತಿ ಬಂದು, ತೂಕವೂ ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದ್ದರೆ ಅದು ತಿಂದದ್ದರಿಂದ ಅಲ್ಲ, ನೀರು. ಫೋನ್ ಮಾಡುತ್ತೇನೆ.

ಈಗ ಉಪ್ಪು. ದಿನಕ್ಕೆ 5 ಗ್ರಾಂ ಒಳಗೆ ಅನ್ನುತ್ತಾರೆ, ಅಂದರೆ ಎಲ್ಲಾ ಸೇರಿ ಒಂದು ಟೀ ಚಮಚ. ಒಂಬತ್ತು ಜನದ ಮನೆಯಲ್ಲಿ ಚಮಚ ಹಿಡಿದು ಜಗಳ ಆಡುವುದಕ್ಕೆ ಆಗುವುದಿಲ್ಲ. ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಹಾಕುವ ಮೊದಲೇ ನನಗೆ ಒಂದು ಬಟ್ಟಲು ತೆಗೆದಿಡುತ್ತಾರೆ. ಅಷ್ಟೇ ಏರ್ಪಾಡು. ಅತ್ತೆಗೆ ಹೆಚ್ಚಿನ ಕೆಲಸ ಇಲ್ಲ, ಮಿಕ್ಕವರಿಗೆ ಸಪ್ಪೆ ಊಟವೂ ಇಲ್ಲ. ತಟ್ಟೆಗೆ ಬಂದ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ, ಮೇಲೊಂದು ಒಗ್ಗರಣೆ ಇರಲಿ, ಉಪ್ಪಿನ ನೆನಪು ಕಮ್ಮಿಯಾಗುತ್ತದೆ. ನಿಮ್ಮ ಕಡೆ ತಂಬುಳಿ ಇದೆಯಲ್ಲ, ಅದಕ್ಕೆ ಉಪ್ಪು ತೀರಾ ಸ್ವಲ್ಪ ಸಾಕು. ನಿಜವಾದ ಕಳ್ಳರು ಸಾರಿನಲ್ಲಿ ಇರುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸು, ಚಟ್ನಿಪುಡಿ, ಬೇಕರಿ ಖಾರ, ಇವು. ಮಲೆನಾಡಿನವರಿಗೆ ಅಪ್ಪೆಮಿಡಿ ಬಿಡಿ ಅನ್ನುವುದು ಕಷ್ಟದ ಮಾತು, ಆದರೂ ಹೇಳಬೇಕು. ಅಂಗಡಿಯಲ್ಲಿ ಸೋಡಿಯಂ ಕಮ್ಮಿ ಅಂತ ಬೇರೆ ಉಪ್ಪು ಸಿಗುತ್ತದೆ. ಅದರಲ್ಲಿ ಸೋಡಿಯಂ ಜಾಗಕ್ಕೆ ಹಾಕಿರುವುದು ಪೊಟ್ಯಾಸಿಯಂ. ಟೆಲ್ಮಿಸಾರ್ಟನ್ ತಗೊಳ್ಳುವವರಿಗೆ ಮೊದಲೇ ಪೊಟ್ಯಾಸಿಯಂ ಏರುವ ಸ್ವಭಾವ. ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬೇಡಿ.

ನಿಮ್ಮ ಊರಿನವರಿಗೆ ಮಾತ್ರ ಹೇಳಬೇಕಾದ ಒಂದು ಮಾತು. ಹಿತ್ತಲಲ್ಲಿ ಧಾರೆಹುಳಿ ಮರ ಇದೆಯಾ? ಕೆಲವರು ಕಮರಾಕ್ಷಿ ಅನ್ನುತ್ತಾರೆ, ಅಡ್ಡ ಕೊಯ್ದರೆ ನಕ್ಷತ್ರದ ಥರ ಕಾಣುತ್ತದೆ. ಕಿಡ್ನಿ ಸೋತವರಿಗೆ ಅದು ವಿಷ, ನರಗಳವರೆಗೂ ಹೋಗುತ್ತದೆ. ಬಿಕ್ಕಳಿಕೆ, ಗೊಂದಲ, ಫಿಟ್ಸ್ ಆಗಿ ಜೀವ ಹೋದದ್ದೂ ಇದೆ. ಕರಾವಳಿಯ ಬಿಂಬುಳಿಯೂ ಅದರ ಜಾತಿಯದ್ದೇ. ಅದರ ರಸ ಕುಡಿದು ಕಿಡ್ನಿ ಕೆಡಿಸಿಕೊಂಡವರ ಬಗ್ಗೆ ಕೇರಳದ ಡಾಕ್ಟರುಗಳು ಬರೆದಿದ್ದಾರೆ. ಗೊಜ್ಜು, ಜ್ಯೂಸ್, ಉಪ್ಪಿನಕಾಯಿ ಯಾವ ರೂಪದಲ್ಲೂ ಬೇಡ. ಡಾಕ್ಟರುಗಳು ಕೊಡುವ ಚಾರ್ಟ್‌ನಲ್ಲಿ ಸೇಬು, ಪಪ್ಪಾಯ ಇರುತ್ತದೆ, ನಮ್ಮ ಹಿತ್ತಲಿನ ಮರ ಇರುವುದಿಲ್ಲ.

ಬಿಸಿಲಿಗೆ ಲೂಪಸ್ ಕೆರಳುತ್ತದೆ, ಅದು ಬರೀ ಚರ್ಮದ ಮಾತಲ್ಲ. ಹಾಗಂತ ಕೊಯ್ಲಿನ ದಿನ ಕೋಣೆಯಲ್ಲಿ ಕೂತರೆ ಮಾತು ಕೇಳಬೇಕಾಗುತ್ತದೆ, ಅದೂ ನಿಜ. ಕೆಲಸ ಬಿಡಬೇಡಿ, ಅದಲು ಬದಲು ಮಾಡಿಕೊಳ್ಳಿ. ಚಪ್ಪರದ ಮೇಲೆ ಹರವುವುದು, ತಿರುವುವುದು ಬೇರೆಯವರಿಗೆ ಇರಲಿ. ಸುಲಿಯುವುದು, ಆರಿಸುವುದು, ಕೂಲಿ ಲೆಕ್ಕ ನಿಮಗೆ ಇರಲಿ. ಜಗಲಿ ಮೇಲೆ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತವಳನ್ನು ಯಾರು ಸೋಮಾರಿ ಅನ್ನುತ್ತಾರೆ? ಹಗಲು ಹೊರಗೆ ಹೋಗಲೇಬೇಕಾದರೆ 10ರಿಂದ 4ರ ಹೊತ್ತು ತಪ್ಪಿಸಿ. ತುಂಬು ತೋಳು, ಕೊಡೆ, ಎಸ್‌ಪಿಎಫ್ 30ಕ್ಕಿಂತ ಮೇಲಿನ ಸನ್‌ಸ್ಕ್ರೀನ್, ಅದನ್ನೂ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ತುಂಬು ತೋಳಿನ ಕಾಟನ್ ರವಿಕೆ ಬೇಕಿದ್ದರೆ ಅಳತೆ ಕಳಿಸಿ, ನಾನೇ ಹೊಲಿದು ಕಳಿಸುತ್ತೇನೆ. ಸೀಸನ್‌ನಲ್ಲಿ ಮಾತ್ರ ಕೇಳಬೇಡಿ.

ಸೀಸನ್ ಅಂದ ಮೇಲೆ ಸುಸ್ತಿನ ಮಾತು. ರಿಪೋರ್ಟ್ ಎಲ್ಲ ಚೆನ್ನಾಗಿದ್ದಾಗಲೂ ಸುಸ್ತು ಇರುತ್ತದೆ, ಯಾರಿಗೂ ಕಾಣುವುದಿಲ್ಲ. ವರಮಹಾಲಕ್ಷ್ಮಿ ಮುಂಚೆ ಅಂಗಡಿಯಲ್ಲಿ ರವಿಕೆ ಗುಡ್ಡೆ ಬಿದ್ದಿರುತ್ತದೆ. ಆಗಲೂ ಸಂಜೆ ಆರಕ್ಕೆ ಮೆಷಿನ್ ನಿಲ್ಲಿಸುತ್ತೇನೆ. ಗಿರಾಕಿ ಬೈಯುತ್ತಾರೆ, ಬೈಯಲಿ. ನಿಮ್ಮ ಸ್ಕೂಲಲ್ಲಿ ಕೊನೆಯ ಪೀರಿಯಡ್ ಆಟದ ಮೈದಾನದ್ದಾದರೆ ಹೆಡ್ ಮೇಡಂ ಹತ್ತಿರ ಈಗಲೇ ಮಾತಾಡಿ ಬದಲಾಯಿಸಿಕೊಳ್ಳಿ.

ವೈಸೋಲೋನ್ ಬೆಳಿಗ್ಗೆ ತಿಂಡಿ ಆದ ಮೇಲೆ. ಸಂಜೆ ತಗೊಂಡರೆ ನಿದ್ದೆ ಬರುವುದಿಲ್ಲ. ಒಂದೇ ಸಲ ನಿಲ್ಲಿಸುವುದಂತೂ ಆಗುವುದೇ ಇಲ್ಲ. ಹೊರಗಿನಿಂದ ಬರುತ್ತಿದೆ ಅಂತ ಮೈ ತನ್ನ ಸ್ಟಿರಾಯ್ಡ್ ಮಾಡುವುದನ್ನೇ ಬಿಟ್ಟಿರುತ್ತದೆ. ಮುಖ ಗುಂಡಾದದ್ದಕ್ಕೆ ಅಳಬೇಡಿ, ಡೋಸ್ ಇಳಿದ ಮೇಲೆ ಅದೂ ಇಳಿಯುತ್ತದೆ. ನನ್ನ ರವಿಕೆಗಳನ್ನೆಲ್ಲ ನಾನೇ ಬಿಚ್ಚಿ ದೊಡ್ಡದು ಮಾಡಿದೆ, ಮುಂದಿನ ವರ್ಷ ನಾನೇ ಬಿಚ್ಚಿ ಚಿಕ್ಕದು ಮಾಡಿದೆ. ಹೊಟ್ಟೆ ಉರಿಗೆ ಕುಡಿಯುವ ಬಿಳಿ ಸಿರಪ್ಪನ್ನು ಮೈಕೊಫೆನೊಲೇಟ್ ಜೊತೆ ಕುಡಿಯಬೇಡಿ, ಮಾತ್ರೆ ಮೈಗೆ ಸರಿಯಾಗಿ ಸೇರುವುದಿಲ್ಲ. ಮಾತ್ರೆ ಮೊದಲು, ಸಿರಪ್ ಎರಡು ಗಂಟೆ ಬಿಟ್ಟು. ಹೈಡ್ರಾಕ್ಸಿಕ್ಲೋರೋಕ್ವಿನ್ ಇರುವುದರಿಂದ ಕಣ್ಣಿನ ಪರೀಕ್ಷೆ ಮರೆಯಬಾರದು. ಕಿಡ್ನಿ ತೊಂದರೆ ಇರುವವರಿಗೆ ಕಣ್ಣಿನ ಅಪಾಯ ಸ್ವಲ್ಪ ಹೆಚ್ಚು, ಅದಕ್ಕೇ ನನಗೆ ವರ್ಷಕ್ಕೊಮ್ಮೆ ಓಸಿಟಿ (ಕಣ್ಣಿನ ಹಿಂಪದರದ ಸ್ಕ್ಯಾನ್) ಮಾಡುತ್ತಾರೆ.

ನೋವಿನ ಮಾತ್ರೆ ವಿಷಯ ಜೋರಾಗಿ ಹೇಳುತ್ತೇನೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್ ಬೇಡ. ಮೆಡಿಕಲ್ ಶಾಪಿನಲ್ಲಿ "ಮೈಕೈ ನೋವಿಗೆ ಕೊಡಿ" ಅಂದರೆ ಅದನ್ನೇ ಕೊಡುತ್ತಾರೆ. ಹಲ್ಲಿನ ಡಾಕ್ಟರೂ ಅದನ್ನೇ ಬರೆಯುತ್ತಾರೆ. ನಾನು ಕೂರುವ ಮೊದಲೇ "ಕಿಡ್ನಿ ಕಾಯಿಲೆ ಇದೆ" ಅಂತ ಹೇಳಿ ಕೂರುತ್ತೇನೆ. ಜ್ವರಕ್ಕೆ, ನೋವಿಗೆ ಪ್ಯಾರಾಸಿಟಮಾಲ್. ಆದರೆ ನಾವು ರೋಗನಿರೋಧಕ ಶಕ್ತಿ ಇಳಿಸುವ ಮಾತ್ರೆಯಲ್ಲಿರುವವರು. ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಮಲಗುವುದು ಬೇಡ, ಅವತ್ತೇ ಡಾಕ್ಟರಿಗೆ ತಿಳಿಸಿ.

"ಮಾತ್ರೆಗಳೇ ಕಿಡ್ನಿ ಹಾಳು ಮಾಡುತ್ತವೆ" ಅನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ. ಪುಸ್ತಕ ತೆಗೆದು ತೋರಿಸುತ್ತೇನೆ. ಮೊದಲ ಸಾಲು ನೋಡಿ, ಈಗಿನ ಸಾಲು ನೋಡಿ. ನಿಮ್ಮ ಅತ್ತೆಯವರಿಗೂ ಹಾಗೇ ತೋರಿಸಿ. ಆಸ್ಪತ್ರೆಯಲ್ಲಿ ಜೊತೆಗಿದ್ದವರು, ಅರ್ಥ ಮಾಡಿಕೊಳ್ಳುತ್ತಾರೆ. ಬಂದವರಿಗೆ ಅವರೇ ಉತ್ತರ ಕೊಟ್ಟರೆ ನಿಮ್ಮ ತಲೆನೋವು ಮುಗಿಯಿತು.

ಆರೋಗ್ಯವೇ ಭಾಗ್ಯ ಉತ್ತರ:

ಇಂಗ್ಲಿಷ್ ಔಷಧಿಗೆ ಗುಲಾಮರಾಗಬೇಡಿ. ಬಾಳೆದಿಂಡಿನ ರಸ ಖಾಲಿ ಹೊಟ್ಟೆಯಲ್ಲಿ 48 ದಿನ, ಜೊತೆಗೆ ಅಮೃತಬಳ್ಳಿ. ರೋಗನಿರೋಧಕ ಶಕ್ತಿ ಹೆಚ್ಚಾದರೆ ಯಾವ ಕಾಯಿಲೆಯೂ ನಿಲ್ಲುವುದಿಲ್ಲ. ಕಿಡ್ನಿ ಶುದ್ಧವಾಗುತ್ತದೆ. ಸಂಪೂರ್ಣ ಗುಣ ಆದವರನ್ನು ನೋಡಿದ್ದೇನೆ.

ಅಳತೆ ಟೇಪು ಉತ್ತರ:

ಸಾರ್, ಬಾಳೆದಿಂಡು ಕಲ್ಲಿಗೆ ಅಂತ ಹೇಳುತ್ತಾರೆ. ನಮಗಿರುವುದು ಕಲ್ಲಲ್ಲ. ಆ ರಸದ ತುಂಬ ಪೊಟ್ಯಾಸಿಯಂ.

ಇನ್ನು ಅಮೃತಬಳ್ಳಿ. ನಮ್ಮ ಕಾಯಿಲೆಯಲ್ಲಿ ರೋಗನಿರೋಧಕ ಶಕ್ತಿ ಕಮ್ಮಿ ಇಲ್ಲ. ಅದು ದಾರಿ ತಪ್ಪಿ ನಮ್ಮ ಕಿಡ್ನಿಯ ಮೇಲೇ ತಿರುಗಿ ಬಿದ್ದಿದೆ. ಅದನ್ನು ತಗ್ಗಿಸಲು ಬೆಳಿಗ್ಗೆ ಮೈಕೊಫೆನೊಲೇಟ್ ನುಂಗಿ, ಹೆಚ್ಚಿಸಲು ಸಂಜೆ ಕಷಾಯ ಕುಡಿಯುವುದರಲ್ಲಿ ಏನರ್ಥ ಇದೆ? 2021ರಲ್ಲಿ ಮುಂಬೈನ ಡಾಕ್ಟರುಗಳು ಅಮೃತಬಳ್ಳಿ ಕುಡಿದ ಕೆಲವರಲ್ಲಿ ಲಿವರ್ ಕೆಟ್ಟದ್ದನ್ನು ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದನ್ನೂ ಹೇಳುತ್ತೇನೆ. ಅವರ ಜಗಳ ಅವರದ್ದು. ನನ್ನ ಲಿವರ್ ಮೇಲೆ ಅದನ್ನು ತೀರ್ಮಾನ ಮಾಡುವುದಕ್ಕೆ ನಾನು ತಯಾರಿಲ್ಲ.

ಗುಣ ಆದವರ ಯೂರಿನ್ ರೇಶಿಯೋ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಇದ್ದರೆ ಹಾಕಿ. ನೋಡೋಣ.

ತಂಗಿ, ಪಕ್ಕದ ಮನೆಯವರ ಕಷಾಯಕ್ಕೆ ಜಗಳ ಆಡಬೇಡಿ. "ಡಾಕ್ಟರ್ ಮೂರು ತಿಂಗಳು ಬೇರೇನೂ ಬೇಡ ಅಂದಿದ್ದಾರೆ" ಅನ್ನಿ. ಮೂರು ತಿಂಗಳು ಆದ ಮೇಲೆ ಮತ್ತೆ ಅದೇ ಅನ್ನಿ.

ಲ್ಯಾಬ್ ಕಿಟಕಿ ಉತ್ತರ:

ನಾನು ಲ್ಯಾಬ್ ಟೆಕ್ನಿಷಿಯನ್, ದಾವಣಗೆರೆ. ಕಿಟಕಿಯ ಆ ಕಡೆ ನಿಂತವರಿಗೆ ದಿನಾ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ.

24 ಗಂಟೆಯ ಮೂತ್ರ ಸಂಗ್ರಹ ಮಾಡಲು ಹೇಳಿದರೆ, ಬೆಳಿಗ್ಗೆ ಎದ್ದಾಗಿನ ಮೊದಲ ಮೂತ್ರ ಕ್ಯಾನ್‌ಗೆ ಹಾಕಬಾರದು. ಅದನ್ನು ಚೆಲ್ಲಿ, ಗಂಟೆ ಬರೆದಿಡಿ. ಅಲ್ಲಿಂದ ಎಲ್ಲವನ್ನೂ ಹಿಡಿಯಿರಿ. ಮರುದಿನ ಅದೇ ಹೊತ್ತಿಗೆ ಬರುವ ಮೊದಲ ಮೂತ್ರ ಹಾಕಿದರೆ ಮುಗಿಯಿತು. ನಡುವೆ ಒಂದು ಸಲ ಬಿಟ್ಟುಹೋದರೂ ಹೇಳಿಬಿಡಿ, ಮತ್ತೆ ಮಾಡೋಣ. ತಪ್ಪು ಲೆಕ್ಕದ ಮೇಲೆ ಡೋಸ್ ಇಳಿಯುವುದಕ್ಕಿಂತ ಅದು ಮೇಲು.

ಒಂದೇ ಸಲದ ಸ್ಯಾಂಪಲ್ ಕೊಡುವುದಾದರೆ ಮುಟ್ಟಿನ ದಿನಗಳಲ್ಲಿ ಬೇಡ. ಉರಿ ಮೂತ್ರ ಇದ್ದರೆ ಮೊದಲು ತಿಳಿಸಿ, ಪ್ರೋಟೀನ್ ಸುಮ್ನೆ ಜಾಸ್ತಿ ತೋರಿಸುತ್ತದೆ. ಹಿಂದಿನ ದಿನ ಭಾರಿ ಮೈಮುರಿ ಕೆಲಸ ಮಾಡಿದ್ದರೂ ಹಾಗೆಯೇ.

ಮನೆಯಲ್ಲಿ ಅದ್ದಿ ನೋಡುವ ಸ್ಟ್ರಿಪ್ ಬಗ್ಗೆ ತುಂಬ ಜನ ಕೇಳುತ್ತಾರೆ. ಇಟ್ಟುಕೊಳ್ಳಬಹುದು. ಆದರೆ ನೀರು ಕಮ್ಮಿ ಕುಡಿದ ದಿನ ಮೂತ್ರ ಗಟ್ಟಿಯಾಗಿ ಒಂದು ಪ್ಲಸ್ ಜಾಸ್ತಿಯೇ ತೋರಿಸುತ್ತದೆ. ಅದು ರೇಶಿಯೋಗೆ ಬದಲಿ ಆಗುವುದಿಲ್ಲ.

ಸಾಗರದ ಸೊಸೆ ಉತ್ತರ:

ಅಕ್ಕ, ಅತ್ತೆಗೆ ಪೂರ್ತಿ ಓದಿ ಹೇಳಿದೆ. ಬಟ್ಟಲು ತೆಗೆದಿಡುವ ಏರ್ಪಾಡಿಗೆ "ಇಷ್ಟೇ ತಾನೆ, ಮೊದಲೇ ಹೇಳಬಾರದಿತ್ತಾ" ಅಂದರು. ಧಾರೆಹುಳಿ ಮರ ಹಿತ್ತಲಲ್ಲೇ ಇದೆ! ನಾಳೆಯೇ ಗೊಜ್ಜು ಆಗುವುದಿತ್ತು. ಕಿಟಕಿಯವರಿಗೂ ಧನ್ಯವಾದ, ಇಲ್ಲಿಯವರೆಗೆ ಯಾರೂ ಅದನ್ನು ಬಿಡಿಸಿ ಹೇಳಿರಲಿಲ್ಲ.

ಎರಡು ಕೇಳುವುದಿದೆ. ಇದೆಲ್ಲ ಎಷ್ಟು ವರ್ಷ? ಇನ್ನೊಂದು ಸ್ವಲ್ಪ ಮುಜುಗರದ್ದು. ಮದುವೆಯಾಗಿ ಎರಡು ವರ್ಷ ಆಯಿತು, ಮನೆಯಲ್ಲಿ ಮಗುವಿನ ಮಾತು ಶುರುವಾಗಿದೆ. ಡಾಕ್ಟರ್ "ಈಗ ಬೇಡ" ಅಂದರು, ಅಷ್ಟೇ. ಅಲ್ಲಿ ಗಂಡ, ಮಾವ ಎಲ್ಲ ನಿಂತಿದ್ದರು, ಹೆಚ್ಚಿಗೆ ಕೇಳಲಿಲ್ಲ. ಈಗ ಬೇಡ ಅಂದರೆ ಯಾವಾಗಲೂ ಬೇಡ ಅಂತಲಾ?

ಅಳತೆ ಟೇಪು ಉತ್ತರ:

ಅಲ್ಲವೇ ಅಲ್ಲ. ನನ್ನ ಮಗಳು 2018ರಲ್ಲಿ ಹುಟ್ಟಿದ್ದು. ಈಗ ಪಕ್ಕದಲ್ಲಿ ಕೂತು ಗುಂಡಿ ಡಬ್ಬಿ ಚೆಲ್ಲುತ್ತಿದ್ದಾಳೆ.

ಮೊದಲ ಪ್ರಶ್ನೆಗೆ. ಕ್ಲಾಸ್ 3, 4ಕ್ಕೆ ಈ ಗಟ್ಟಿ ಮಾತ್ರೆಗಳನ್ನು ಎಲ್ಲಾ ಸೇರಿ ಮೂರು ವರ್ಷಕ್ಕಿಂತ ಕಮ್ಮಿ ಕೊಡಬೇಡಿ ಅಂತ 2024ರ ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿ ಹೇಳುತ್ತದೆ. ಆಮೇಲೂ ಡಾಕ್ಟರ್ ಒಂದೊಂದಾಗಿ, ನಿಧಾನಕ್ಕೆ ಇಳಿಸುತ್ತಾರೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರ ಬೇರೆ ತೊಂದರೆ ಕಾಣದಿದ್ದರೆ ಜೊತೆಗೇ ಇರುತ್ತದೆ. ಖರ್ಚಿನ ಚಿಂತೆ ಇದ್ದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಯಾವುದು ಸಿಗುತ್ತದೆ ಅಂತ ಪಟ್ಟಿ ಬರೆದುಕೊಂಡು ಡಾಕ್ಟರಿಗೆ ತೋರಿಸಿ, ಆಮೇಲೆ ಬದಲಾಯಿಸಿ.

ಮಗುವಿನ ವಿಷಯದಲ್ಲಿ ಡಾಕ್ಟರ್ "ಈಗ ಬೇಡ" ಅಂದದ್ದಕ್ಕೆ ಕಾರಣ ಇದೆ. ಮೈಕೊಫೆನೊಲೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಊನ ಮಾಡುತ್ತದೆ, ಗರ್ಭ ನಿಲ್ಲದೆಯೂ ಹೋಗಬಹುದು. ಗರ್ಭ ಧರಿಸುವುದಕ್ಕೆ ಕನಿಷ್ಠ ಆರು ವಾರ ಮೊದಲೇ ಅದನ್ನು ನಿಲ್ಲಿಸಬೇಕು. ಅದರ ಜಾಗಕ್ಕೆ ಸಾಮಾನ್ಯವಾಗಿ ಅಜಥಿಯೋಪ್ರಿನ್ ಕೊಡುತ್ತಾರೆ. ಅದಕ್ಕೆ ಕಾಯಿಲೆ ಒಪ್ಪುತ್ತದಾ ಅಂತ ಕೆಲವು ತಿಂಗಳು ನೋಡುತ್ತಾರೆ. ಟೆಲ್ಮಿಸಾರ್ಟನ್ ಕೂಡ ಬಸಿರಿನಲ್ಲಿ ಆಗುವುದಿಲ್ಲ, ಅದನ್ನು ಬೇರೆ ಬಿಪಿ ಮಾತ್ರೆಗೆ ಬದಲಾಯಿಸುತ್ತಾರೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಹಾಗೇ ಮುಂದುವರಿಯುತ್ತದೆ, ಗಾಬರಿಯಾಗಿ ಅದನ್ನು ಬಿಡಬೇಡಿ. ಇದೆಲ್ಲ ಆಗುವುದು ಕಾಯಿಲೆ ಕನಿಷ್ಠ ಆರು ತಿಂಗಳು ಸುಮ್ಮನಿದ್ದ ಮೇಲೆ. ಅದಕ್ಕೂ ಮೊದಲು ಆಂಟಿ ರೋ ಮತ್ತು ಫಾಸ್ಫೋಲಿಪಿಡ್ ಆಂಟಿಬಾಡಿ ಅಂತ ಒಂದೆರಡು ರಕ್ತ ಪರೀಕ್ಷೆ ಇವೆ, ಮಾಡಿದ್ದಾರಾ ಕೇಳಿ. ಬಸಿರಾದ ಮೇಲೆ ಬಿಪಿ ಏರದ ಹಾಗೆ ಸಣ್ಣ ಡೋಸ್ ಆಸ್ಪಿರಿನ್ ಕೊಡುತ್ತಾರೆ. ಕಿಡ್ನಿ ಡಾಕ್ಟರ್, ಹೆರಿಗೆ ಡಾಕ್ಟರ್ ಇಬ್ಬರೂ ಕೂಡಿ ನೋಡಬೇಕು.

ಅಲ್ಲಿಯವರೆಗೆ ಬಸಿರಾಗದ ಹಾಗೆ ನೋಡಿಕೊಳ್ಳುವುದೂ ನಮ್ಮದೇ ಕೆಲಸ. ಕಾಯಿಲೆ ಎದ್ದಿರುವಾಗ ಈಸ್ಟ್ರೋಜನ್ ಇರುವ ಗುಳಿಗೆ ನಮಗೆ ಒಳ್ಳೆಯದಲ್ಲ, ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಕಾಪರ್-ಟಿ ಅಥವಾ ಬೇರೆ ದಾರಿ ಯಾವುದು ಅಂತ ಕೇಳಿ. ಮಾವನವರ ಮುಂದೆ ಕೇಳಲಾಗದಿದ್ದರೆ ಹಾಳೆಯಲ್ಲಿ ಬರೆದು ಡಾಕ್ಟರ್ ಕೈಗೆ ಕೊಡಿ. "ಇದನ್ನು ಒಬ್ಬಳೇ ಮಾತಾಡಬೇಕು" ಅಂತ ಮೇಲೆ ಬರೆಯಿರಿ. ಎಲ್ಲರನ್ನೂ ಹೊರಗೆ ಕಳಿಸುವುದು ಡಾಕ್ಟರಿಗೆ ಒಂದು ಮಾತಿನ ಕೆಲಸ. ಗಂಡನಿಗೆ ಮಾತ್ರ ಪೂರ್ತಿ ಹೇಳಿ. ಅವರಿಗೆ ಗೊತ್ತಿಲ್ಲದೆ ಇದು ನಡೆಯುವುದಿಲ್ಲ.

ಸಿಲ್ಕ್ ಬೋರ್ಡ್ ಸಿಗ್ನಲ್ ಉತ್ತರ:

ಅಕ್ಕ, ನನ್ನದೂ ಒಂದು. ಹೋದ ವಾರ ಹೊರಗೆ ತಿಂದು ವಾಂತಿ ಭೇದಿ. ಮಾತ್ರೆ ನುಂಗಿದ ಕೂಡಲೇ ಹೊರಗೆ. ಅಂಥ ದಿನ ನೀವು ಏನು ಮಾಡುತ್ತೀರಿ?

ಅಳತೆ ಟೇಪು ಉತ್ತರ:

ಇದನ್ನು ಕಾಯಿಲೆ ಬಿದ್ದ ದಿನ ಕೇಳುವುದಲ್ಲ, ಚೆನ್ನಾಗಿರುವಾಗಲೇ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಬೇಕು. ನನ್ನ ಪುಸ್ತಕದ ರಟ್ಟಿನ ಒಳಗೆ ಅಂಟಿಸಿದ ಚೀಟಿ ಇದೆ. ವಾಂತಿ ಭೇದಿ ಜೋರಾಗಿ ಮೈಯಲ್ಲಿ ನೀರು ಇಳಿದರೆ ಟೆಲ್ಮಿಸಾರ್ಟನ್ ಆ ದಿನಕ್ಕೆ ನಿಲ್ಲಿಸಿ ಫೋನ್ ಮಾಡಬೇಕು, ಯಾಕೆಂದರೆ ನೀರಿಲ್ಲದ ಮೈಯಲ್ಲಿ ಅದು ಕಿಡ್ನಿಗೆ ಹೊರೆ. ವೈಸೋಲೋನ್ ಮಾತ್ರ ತಪ್ಪಬಾರದು. ಅದು ಹೊಟ್ಟೆಯಲ್ಲಿ ನಿಲ್ಲದೇ ಇದ್ದರೆ ಮನೆಯಲ್ಲಿ ಕಾಯುವುದಲ್ಲ, ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತಗೊಳ್ಳಬೇಕು. ಇದು ನನಗೆ ಬರೆದು ಕೊಟ್ಟದ್ದು, ನಿಮ್ಮದನ್ನು ನಿಮ್ಮ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ.

ಮತ್ತೆ ಹೊರಗೆ ಏನು ತಿಂದಿರಿ? ಗೋಬಿ ಮಂಚೂರಿ ಅಂತ ಹೇಳಬೇಡಿ.

ಸಿಲ್ಕ್ ಬೋರ್ಡ್ ಸಿಗ್ನಲ್ ಉತ್ತರ:

ಪಾನಿಪೂರಿ ಅಕ್ಕ.